ಹಿಂಡಿದ ರಸ, ಅರೆದ ತಿರುಳು

ಚರಕಸಂಹಿತೆಯ ಸೂತ್ರಸ್ಥಾನದ ನಾಲ್ಕನೆಯ ಅಧ್ಯಾಯದಲ್ಲಿ ಔಷಧ ದ್ರವ್ಯಗಳನ್ನು ಸಂಸ್ಕರಿಸುವ ಐದು ಕ್ರಮಗಳನ್ನು ಎಣಿಸುವಾಗ ಗ್ರಂಥಕಾರನು ಮೊದಲು ಸ್ವರಸವನ್ನೂ ಅದರ ಬೆನ್ನಿಗೇ ಕಲ್ಕವನ್ನೂ ಹೇಳಿ, ಆಮೇಲೆ ಕುದಿಸಿದ ಕಷಾಯಕ್ಕೂ, ತಣ್ಣೀರಿನಲ್ಲಿ ಇಲ್ಲವೆ ಬಿಸಿನೀರಿನಲ್ಲಿ ನೆನೆಯಿಟ್ಟು ತೆಗೆದ ಶೀತ ಫಾಂಟಗಳಿಗೂ ಬರುತ್ತಾನೆ. ಹಸಿಯ ದ್ರವ್ಯವನ್ನು ಜಜ್ಜಿ ಹಿಂಡಿ, ಹಿಪ್ಪೆಯನ್ನು ಬಿಸುಟು, ಉಳಿಸಿಕೊಂಡ ರಸವೇ ಸ್ವರಸ. ಅದೇ ದ್ರವ್ಯವನ್ನು ಕಲ್ಲಿನ ಮೇಲೆ ನುಣ್ಣಗೆ ಅರೆದು, ಏನೊಂದನ್ನೂ ಬಿಸುಡದೆ ಕಟ್ಟಿದ ಮುದ್ದೆಯೇ ಕಲ್ಕ. ಈ ಐದರಲ್ಲಿ ಮೊದಮೊದಲು ಹೇಳಿದ್ದು ಆಮೇಲಾಮೇಲೆ ಹೇಳಿದ್ದಕ್ಕಿಂತ ಬಲಿಷ್ಠವೆಂದೂ, ಆದುದರಿಂದ ವ್ಯಾಧಿಯ ಬಲವನ್ನೂ ರೋಗಿಯ ಬಲವನ್ನೂ ನೋಡಿ ಆರಿಸಿಕೊಳ್ಳತಕ್ಕದ್ದೆಂದೂ, ಎಲ್ಲವೂ ಎಲ್ಲೆಡೆಯೂ ಒಗ್ಗುವುದಿಲ್ಲವೆಂದೂ ಅಲ್ಲಿ ಎಚ್ಚರಿಕೆಯುಂಟು. ಹೀಗಿರಲಾಗಿ, ಇಂದು ಪಾತ್ರೆಯಂಗಡಿಯಲ್ಲಿ ಜ್ಯೂಸರ್ ಕೊಳ್ಳುವುದೋ ಬ್ಲೆಂಡರ್ ಕೊಳ್ಳುವುದೋ ಎಂದು ಎರಡು ಪೆಟ್ಟಿಗೆಗಳ ನಡುವೆ ನಿಂತು ತೂಗಾಡುವ ಗೃಹಸ್ಥನು ತನ್ನದು ವಿದ್ಯುಚ್ಛಕ್ತಿಯ ಯುಗದ ಹೊಸ ಸಂದಿಗ್ಧವೆಂದು ಭಾವಿಸಬೇಕಾದುದಿಲ್ಲ. ಅವನ ಮುಂದಿರುವುದು ಸ್ವರಸವೋ ಕಲ್ಕವೋ ಎಂಬ, ಎರಡು ಸಾವಿರ ವರ್ಷಗಳಷ್ಟು ಹಳೆಯ ಪ್ರಶ್ನೆಯೇ.

ಹಳಬರು ಈ ಪ್ರಶ್ನೆಗೆ ಒಂದೇ ಉತ್ತರವನ್ನು ಕೊಟ್ಟವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಬುದ್ಧಿವರ್ಧಕಗಳಾದ ನಾಲ್ಕು ರಸಾಯನಗಳನ್ನು ಹೇಳುವೆಡೆ ಮಂಡೂಕಪರ್ಣಿಗೆ ಸ್ವರಸವನ್ನೂ, ಜ್ಯೇಷ್ಠಮಧುವಿಗೆ ಹಾಲಿನೊಡನೆ ಚೂರ್ಣವನ್ನೂ, ಅಮೃತಬಳ್ಳಿಗೆ ರಸವನ್ನೂ, ಶಂಖಪುಷ್ಪಿಗೆ ಕಲ್ಕವನ್ನೂ ವಿಧಿಸಿದೆ. ಹಿಂಡುವುದೋ ಅರೆಯುವುದೋ ಎಂಬುದನ್ನು ವೈದ್ಯನ ಸಿದ್ಧಾಂತಕ್ಕೆ ಬಿಡದೆ ಸೊಪ್ಪಿನ ಸ್ವಭಾವಕ್ಕೇ ಬಿಟ್ಟಂತಾಯಿತು. ಇದರಲ್ಲಿ ನನಗೆ ಕುತೂಹಲವೆನಿಸುವುದು ಮಂಡೂಕಪರ್ಣಿಯ ಸಂಗತಿ. ನಮ್ಮಲ್ಲಿ ಒಂದೆಲಗವೆಂದು ಕರೆಯುವ ಈ ಸೊಪ್ಪನ್ನು, ಶಾಸ್ತ್ರವು ಹಿಂಡಿ ಕುಡಿ ಎಂದರೂ, ಮಲೆನಾಡಿನ ಮತ್ತು ಕರಾವಳಿಯ ಗೃಹಿಣಿಯರು ತೆಂಗಿನ ತುರಿ, ಜೀರಿಗೆ, ಮೆಣಸುಗಳೊಡನೆ ಹಸಿಯಾಗಿಯೇ ಅರೆದು, ಮಜ್ಜಿಗೆಯಲ್ಲಿ ಕದಡಿ, ತಂಬುಳಿಯೆಂದು ಅನ್ನಕ್ಕೆ ಬಡಿಸುತ್ತ ಬಂದಿದ್ದಾರೆ. ಔಷಧವಾಗಿದ್ದಾಗ ರಸ, ಊಟಕ್ಕೆ ಬಂದಾಗ ಅರೆದದ್ದು: ಈ ಭೇದವನ್ನು ಯಾರೂ ಸೂತ್ರವಾಗಿ ಬರೆದಿಟ್ಟಂತಿಲ್ಲ, ಆದರೆ ಅಡುಗೆಮನೆಗಳು ಅದನ್ನು ಬಹುಮಟ್ಟಿಗೆ ಪಾಲಿಸಿವೆ.

ಔಷಧವೆಂದ ಮೇಲೆ ಅಳತೆಯುಂಟು. ಶಾರ್ಙ್ಗಧರಸಂಹಿತೆಯ ಮಧ್ಯಮ ಖಂಡವು ಸ್ವರಸದ ಪ್ರಕರಣದಿಂದಲೇ ಮೊದಲಾಗುತ್ತದೆ. ಹುಳುಹುಪ್ಪಟೆ ತಿನ್ನದ, ಬೆಂಕಿ ತಾಗದ ಹಸಿ ಮೂಲಿಕೆಯನ್ನು ಆಗಿಂದಾಗ ಕಿತ್ತು ತಂದು, ಜಜ್ಜಿ, ಬಟ್ಟೆಯಲ್ಲಿ ಕಟ್ಟಿ ಹಿಂಡಿದ ರಸವನ್ನು ಅರ್ಧ ಪಲದಷ್ಟು ಕೊಡತಕ್ಕದ್ದೆಂದು ಅಲ್ಲಿ ವಿಧಿ. ಕಲ್ಲಿನಲ್ಲಿ ಅರೆದ ಕಲ್ಕಕ್ಕಾದರೆ ಒಂದು ಕರ್ಷ. ಈಗಿನ ವೈದ್ಯರು ಹಿಡಿಯುವ ಲೆಕ್ಕದಲ್ಲಿ ಪಲವೆಂದರೆ ಸುಮಾರು 48 ಗ್ರಾಂ, ಕರ್ಷವೆಂದರೆ 12 ಗ್ರಾಂ. ಅಂದರೆ ಸ್ವರಸದ ಪ್ರಮಾಣ ಐದು ಚಹಾ ಚಮಚೆಗಳಷ್ಟು. ನಾವು ಇಂದು ಜ್ಯೂಸ್ ಅಂಗಡಿಯಲ್ಲಿ ನಿಂತು ಒಂದೇ ಉಸಿರಿಗೆ ಬರಿದು ಮಾಡುವ ಗಾಜಿನ ಲೋಟದಲ್ಲಿ ಅಂತಹ ಎಂಟೊಂಬತ್ತು ಪ್ರಮಾಣಗಳು ಹಿಡಿಸುತ್ತವೆ. ಹಣ್ಣಿನ ರಸವೂ ಸೊಪ್ಪಿನ ರಸವೂ ಒಂದೇ ತೂಕದವಲ್ಲವೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ; ಆದರೂ ಹಿಂಡಿದ್ದು ಬಲಿಷ್ಠವೆಂದವರೇ ಅದನ್ನು ಅಳೆದು ಕೊಟ್ಟರೆಂಬುದನ್ನೂ, ಅಳತೆಯನ್ನು ಮೀರದಂತೆ ಕಾಯುವುದಕ್ಕೆ ಹಿಂಡುವ ಕೈಯ ದಣಿವೇ ಸಾಲುತ್ತಿದ್ದಿತೆಂಬುದನ್ನೂ ಮರೆಯಲಾಗದು. ಬಟ್ಟೆಯಲ್ಲಿ ಕಟ್ಟಿ ಒಂದೆಲಗವನ್ನು ಹಿಂಡಿ ನೋಡಿದವರಿಗೆ ಗೊತ್ತು, ಒಂದು ಬೊಗಸೆ ಸೊಪ್ಪಿನಿಂದ ಇಳಿಯುವ ರಸ ಎಷ್ಟೆಂಬುದು.

ಯಂತ್ರದ ವಿಚಾರದಲ್ಲಿಯೂ ಪ್ರಾಚೀನರು ಮೌನವಾಗಿರಲಿಲ್ಲ. ಕಬ್ಬಿನ ಗುಣಗಳನ್ನು ಹೇಳುವಲ್ಲಿ ಚರಕನು ಹಲ್ಲಿನಿಂದ ಜಗಿದು ನುಂಗಿದ ಕಬ್ಬಿನ ರಸವನ್ನು ತಂಪೆಂದೂ ಪುಷ್ಟಿಕರವೆಂದೂ ಹೊಗಳಿ, ಯಂತ್ರದಿಂದ ತೆಗೆದದ್ದಾದರೋ ಉರಿಯುಂಟುಮಾಡುವುದೆಂದು ಒಂದೇ ಮಾತಿನಲ್ಲಿ ಪಕ್ಕಕ್ಕಿಡುತ್ತಾನೆ. ಸುಶ್ರುತನ ಮತವೂ ಅದೇ. ಇದು ಯಂತ್ರದ್ವೇಷವಾಗಿರಬಹುದೆಂದು ಸಂಶಯಪಡುವವರಿಗೆ ಅಷ್ಟಾಂಗಹೃದಯದ ವಾಗ್ಭಟನು ಕಾರಣವನ್ನೂ ಒದಗಿಸಿದ್ದಾನೆ: ಗಾಣಕ್ಕೆ ಕೊಡುವಾಗ ಕಬ್ಬಿನ ಬುಡವೂ ತುದಿಯೂ ಹುಳು ತಿಂದ ಭಾಗವೂ ಒಟ್ಟಿಗೇ ಅರೆಯಲ್ಪಡುತ್ತವೆ, ಕೊಳೆ ಬೆರೆಯುತ್ತದೆ, ಮೇಲಾಗಿ ಹಿಂಡಿದ ರಸವು ಕೆಲಕಾಲ ಹಾಗೆಯೇ ನಿಲ್ಲುತ್ತದೆ, ಆದುದರಿಂದ ಅದು ಕೆಡುತ್ತದೆ. ಸೂಕ್ಷ್ಮಜೀವಿಗಳ ಹೆಸರನ್ನೂ ಹುದುಗುವಿಕೆಯ ರಸಾಯನಶಾಸ್ತ್ರವನ್ನೂ ಅರಿಯದ ಕಾಲದಲ್ಲಿ ಬರೆದ ಈ ವಾಕ್ಯಕ್ಕಿಂತ ಮಿಗಿಲಾಗಿ, ಇಂದಿನ ನಗರಸಭೆಯ ಆರೋಗ್ಯಾಧಿಕಾರಿಯು ಬೀದಿಯ ಕಬ್ಬಿನ ಹಾಲಿನ ಗಾಡಿಯನ್ನು ಕುರಿತು ಏನು ಬರೆದಾನು? ವಾಗ್ಭಟನ ದೂರು ಯಂತ್ರದ ಮೇಲಲ್ಲ, ಆಯ್ದು ತೆಗೆಯುವ ಶ್ರಮವನ್ನು ಯಂತ್ರವು ಬಿಡಿಸಿಬಿಡುವುದರ ಮೇಲೆ. ಜಗಿಯುವ ಹಲ್ಲು ಹುಳುಕನ್ನು ಕಂಡೊಡನೆ ಉಗುಳುತ್ತದೆ; ಗಾಣಕ್ಕೆ ಆ ವಿವೇಕವಿಲ್ಲ.

ಗಾಣವನ್ನು ನಾವು ಅದಕ್ಕಾಗಿ ಬಿಟ್ಟೆವೇನು? ಬಿಡಲಿಲ್ಲ. ಆಲೆಮನೆಯ ಎತ್ತುಗಳು ಸುತ್ತು ಬರುತ್ತಲೇ ಇದ್ದವು, ಕೊಪ್ಪರಿಗೆಯಲ್ಲಿ ರಸ ಕುದಿಯುತ್ತಲೇ ಇತ್ತು. 1870ರ ದಶಕದಲ್ಲಿ ಬಿಹಾರದ ಬೀಹಿಯಾದಲ್ಲಿ ಥಾಮ್ಸನ್ ಮತ್ತು ಮಿಲ್ನೆ ಎಂಬವರು ಕಬ್ಬಿಣದ ಉರುಳೆಗಳ ಗಾಣವನ್ನು ಬಳಕೆಗೆ ತಂದ ಮೇಲೆ ಮರದ ಮತ್ತು ಕಲ್ಲಿನ ಗಾಣಗಳು ದೇಶದ ಬೇರೆಬೇರೆ ಕಡೆಗಳಲ್ಲಿ ಹಿಂದೆ ಸರಿದವು. ಅದೇ ಎತ್ತುಗಳು, ಅದೇ ಕಬ್ಬು, ರಸ ಮಾತ್ರ ಹೆಚ್ಚು. ಆದರೆ ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಗಾಣದ ರಸವೆಲ್ಲ ಬೆಲ್ಲಕ್ಕೆಂದೇ ಹರಿಯಿತೇ ಹೊರತು ಕುಡಿಯುವುದಕ್ಕಲ್ಲ. ಮಲೆನಾಡಿನಲ್ಲಿ ಆಲೆಮನೆಯ ದಿನಗಳಲ್ಲಿ ನೆಂಟರಿಷ್ಟರನ್ನು ಕರೆದು, ಮಂಡಕ್ಕಿಯ ಜೊತೆಗೆ ಕಬ್ಬಿನ ಹಾಲನ್ನು ಸಾಕೆನ್ನುವವರೆಗೆ ಹೊಯ್ಯುತ್ತಿದ್ದುದು ಉಂಟಾದರೂ, ಅದು ವರ್ಷಕ್ಕೊಮ್ಮೆ ಬಂದು ಹೋಗುವ ಹಬ್ಬ, ದಿನಚರಿಯಲ್ಲ.

ಹಿಂಡಿದ್ದಕ್ಕೂ ಅರೆದದ್ದಕ್ಕೂ ನಡುವಣ ಗೆರೆಯನ್ನು ವೈದ್ಯರಿಗಿಂತ ಕಟ್ಟುನಿಟ್ಟಾಗಿ ಎಳೆದವರು ಬೌದ್ಧ ಭಿಕ್ಷುಗಳು. ಮಧ್ಯಾಹ್ನ ಕಳೆದ ಮೇಲೆ ಅವರು ಆಹಾರವನ್ನು ಸೇವಿಸುವಂತಿಲ್ಲ. ಹಾಗೆಂದು ಬಿಸಿಲಿನಲ್ಲಿ ನಡೆದು ಬಂದವರ ಗಂಟಲು ಒಣಗದಿರುತ್ತದೆಯೆ? ವಿನಯಪಿಟಕದ ಮಹಾವಗ್ಗದಲ್ಲಿ, ಕೇಣಿಯನೆಂಬ ಜಟಾಧಾರಿ ತಪಸ್ವಿಯು ಬುದ್ಧನಿಗೂ ಸಂಘಕ್ಕೂ ಪಾನೀಯಗಳನ್ನು ಅರ್ಪಿಸಿದ ಪ್ರಸಂಗದಲ್ಲಿ, ಮಾವು, ನೇರಳೆ, ಬಾಳೆ, ದ್ರಾಕ್ಷಿ, ತಾವರೆಯ ಗೆಡ್ಡೆ ಮೊದಲಾದ ಎಂಟು ಬಗೆಯ ಪಾನಕಗಳಿಗೆ ಅನುಮತಿ ದೊರೆಯಿತು. ಅದರೊಡನೆ ಧಾನ್ಯದ ರಸವನ್ನು ಬಿಟ್ಟು ಉಳಿದ ಹಣ್ಣುಗಳ ರಸಕ್ಕೂ ಕಬ್ಬಿನ ರಸಕ್ಕೂ ಒಪ್ಪಿಗೆಯಾಯಿತು. ಮುಂದೆ ಬಂದ ಸಂಪ್ರದಾಯದಲ್ಲಿ ಇವನ್ನು ಸೋಸಿಯೇ ಕುಡಿಯತಕ್ಕದ್ದೆಂಬ ಕಟ್ಟಳೆ ನೆಲೆನಿಂತಿತು. ಸೋಸಿದ ಮಾವಿನ ರಸವು ಪಾನೀಯ, ತಿರುಳುಳಿದ ಮಾವಿನ ರಸವು ಭೋಜನ! ನಮ್ಮ ಕಾಲದ ಆಹಾರಶಾಸ್ತ್ರಜ್ಞರು ನಾರಿನ ಮಹಿಮೆಯನ್ನು ಕಂಡುಹಿಡಿದೆವೆಂದು ಹಿಗ್ಗುವುದಕ್ಕೆ ಬಹುಕಾಲ ಹಿಂದೆಯೇ, ಹೊಟ್ಟೆಯನ್ನು ತುಂಬಿಸುವುದು ತಿರುಳೆಂಬುದನ್ನೂ ಸೋಸಿದ ರಸದಿಂದ ಊಟ ಮಾಡಿದಂತಾಗುವುದಿಲ್ಲವೆಂಬುದನ್ನೂ ವಿನಯದ ಕಟ್ಟಳೆಯೇ ಗುರುತಿಸಿದ್ದಿತು.

ಕನ್ನಡ ನಾಡಿನ ಪಾಕಶಾಸ್ತ್ರವೂ ಪಾನೀಯಗಳನ್ನು ಅಲಕ್ಷಿಸಿದುದಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರದಲ್ಲಿ ಅಡುಗೆಗೆ ಒಂದು ಅಧ್ಯಾಯವೇ ಉಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅನ್ನಭೋಗದೊಡನೆ ಪಾನೀಯಭೋಗವನ್ನೂ ಅರಸನ ಭೋಗಗಳಲ್ಲಿ ಸೇರಿಸಿದನು. ಹದಿನಾರನೆಯ ಶತಮಾನದ ಮೂರನೆಯ ಮಂಗರಸನ ಸೂಪಶಾಸ್ತ್ರವು ವಾರ್ಧಕ ಷಟ್ಪದಿಯಲ್ಲಿ ಪಾನಕಗಳ ಪಾಕವನ್ನು ಪ್ರತ್ಯೇಕವಾಗಿ ಹಾಡಿತು. ಆದರೆ ಗ್ರಂಥಗಳಿಗಿಂತ ನನಗೆ ಹೆಚ್ಚು ಭರವಸೆ ರಾಮನವಮಿಯ ಪಾತ್ರೆಗಳ ಮೇಲೆ. ಚೈತ್ರದ ಬಿಸಿಲಿನಲ್ಲಿ ಮನೆಯೊಳಗೆ ಸಾಲಾಗಿ ಇಟ್ಟ ಆ ಪಾತ್ರೆಗಳಲ್ಲಿ ಒಂದೊಂದು ಹಣ್ಣಿಗೆ ಒಂದೊಂದು ಉಪಚಾರ. ನಿಂಬೆಯ ಹಣ್ಣನ್ನು ಹಿಂಡಿ ಬೀಜ ತೆಗೆಯುತ್ತಾರೆ. ಕರ್ಬೂಜವನ್ನು ಹಿಂಡಿದವರನ್ನು ಯಾರೂ ಕಂಡಿಲ್ಲ. ಅದನ್ನು ಸಣ್ಣಗೆ ಹೆಚ್ಚಿ, ಕೈಯಿಂದಲೇ ಮಿದುಕಿ, ಬೆಲ್ಲದ ನೀರಿನಲ್ಲಿ ತೇಲಬಿಟ್ಟು, ಏಲಕ್ಕಿಯನ್ನು ಉದುರಿಸಿ, ಅರ್ಧ ಕುಡಿದು ಅರ್ಧ ಜಗಿಯುವಂತೆ ಕೊಡುವುದೇ ರೂಢಿ. ಇನ್ನು ಬೇಲದ ಹಣ್ಣು: ಅದರ ಗಟ್ಟಿ ಕರಟವನ್ನು ಒರಳಿನ ಅಂಚಿಗೆ ಅಪ್ಪಳಿಸಿ ಒಡೆದಾಗ ಹೊಮ್ಮುವ ಆ ಒಗರುಹುಳಿಯ ವಾಸನೆಯೇ ಮನೆಯನ್ನೆಲ್ಲ ತುಂಬುತ್ತದೆ, ಕಂದು ತಿರುಳನ್ನು ಬೆರಳಿನಿಂದ ಕೆರೆದು ನೀರಿಗೆ ಹಾಕಿ, ಸ್ವಲ್ಪ ಹೊತ್ತು ನೆನೆಯಗೊಟ್ಟು, ಬೀಜವೂ ನಾರೂ ಬಿಡುವವರೆಗೆ ಕಿವುಚಬೇಕು. ಕಿವುಚುವ ಕೈಗೆ ಎಲ್ಲಿ ನಿಲ್ಲಿಸಬೇಕೆಂಬುದು ತಿಳಿದಿರುತ್ತದೆ. ಆಮೇಲೆ ದೊಡ್ಡ ಕಣ್ಣಿನ ಜರಡಿಯಲ್ಲಿ ಹೊಯ್ದರೆ ಬೀಜ, ನಾರು ಉಳಿದು, ತಿರುಳಿನ ಬಹುಭಾಗ ಪಾನಕಕ್ಕೇ ಇಳಿಯುತ್ತದೆ. ಹಿಂಡಿದ್ದೆಂದರೂ ಸರಿ, ಅರೆದದ್ದೆಂದರೂ ಸರಿ. ನಮ್ಮ ಅಡುಗೆಮನೆಯ ಬಹುಪಾಲು ಪಾನೀಯಗಳು ಈ ನಡುದಾರಿಯವು.

ಬಾಳೆಹಣ್ಣಿನ ರಸಾಯನವನ್ನೂ ಉತ್ತರ ಕರ್ನಾಟಕದ ಮಾವಿನ ಸೀಕರಣೆಯನ್ನೂ ಈ ಸಾಲಿಗೆ ಸೇರಿಸಬೇಕಾದರೆ ಲೋಟದಿಂದ ಬಟ್ಟಲಿಗೆ ಬರಬೇಕಾಗುತ್ತದೆ; ಅವು ಹೋಳಿಗೆಯ ಪಕ್ಕದಲ್ಲಿ ಕುಳಿತುಕೊಳ್ಳತಕ್ಕ ತಿನಿಸುಗಳು, ಬಾಯಾರಿಕೆಗೆ ಒದಗುವವಲ್ಲ.

ಈ ಸಮತೂಕವು ತಪ್ಪಿದ್ದು ನಮ್ಮಲ್ಲಿ ಅಲ್ಲ, ಅಮೆರಿಕದಲ್ಲಿ. ಅದೂ ಆರೋಗ್ಯದ ಕಾರಣದಿಂದಲ್ಲ, ಕಿತ್ತಳೆಯ ಸುಗ್ಗಿ ಅತಿಯಾದ ಕಾರಣದಿಂದ. 1910ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬೆಳೆಗಾರರು ಮಾರಿ ಮುಗಿಸಲಾರದಷ್ಟು ಕಿತ್ತಳೆಯನ್ನು ಬೆಳೆದಿದ್ದರು. ಅವರ ಸಹಕಾರ ಸಂಘವಾದ ಸನ್‌ಕಿಸ್ಟ್‌ಗೆ ಜಾಹೀರಾತು ಬರೆದುಕೊಡುತ್ತಿದ್ದ ಆಲ್ಬರ್ಟ್ ಲಾಸ್ಕರ್‌ನ ಸಂಸ್ಥೆಯು 1916ರಲ್ಲಿ, ಕಿತ್ತಳೆಯನ್ನು ತಿನ್ನಬೇಡಿ, ಕುಡಿಯಿರಿ ಎಂಬರ್ಥದ ಪ್ರಚಾರವನ್ನು ಕೈಗೊಂಡಿತು. ಮನೆಯಲ್ಲಿ ಹಿಂಡಿಕೊಳ್ಳಲು ಗಾಜಿನ ಒಂದು ಚಿಕ್ಕ ಸಾಧನವನ್ನೂ ಅಗ್ಗದ ಬೆಲೆಗೆ ಹಂಚಲಾಯಿತು. ಇದರ ಒಳಗಿನ ಗಣಿತ ಬಹಳ ಸರಳ. ತಿನ್ನುವವನು ಒಂದು ಹಣ್ಣಿಗೆ ತೃಪ್ತನಾಗುತ್ತಾನೆ. ಲೋಟವನ್ನು ತುಂಬಬೇಕಾದರೆ ಎರಡು ಮೂರು ಹಣ್ಣು ಬೇಕು. ಬೆಳಗಿನ ಉಪಾಹಾರದ ಮೇಜಿನ ಮೇಲೆ ಕಿತ್ತಳೆರಸದ ಲೋಟವು ಸನಾತನ ಧರ್ಮದಂತೆ ಪ್ರತಿಷ್ಠಿತವಾದುದು ಹೀಗೆ. ವ್ಯಾಪಾರಿಯನ್ನು ನಾನು ದೂರುವುದಿಲ್ಲ. ಮಾರುವುದು ಅವನ ಕಸುಬು. ಆದರೆ ವ್ಯಾಪಾರದ ಯುಕ್ತಿಯು ಒಂದು ತಲೆಮಾರು ಕಳೆಯುವಷ್ಟರಲ್ಲಿ ಆರೋಗ್ಯದ ಸೂತ್ರವಾಗಿ ನಿಂತುಬಿಟ್ಟ ಬಗೆಯನ್ನು ಕಂಡರೆ ಆಶ್ಚರ್ಯವಾಗುತ್ತದೆ.

ಆ ಸೂತ್ರಕ್ಕೆ ಭಾಷ್ಯ ಬರೆದವನು ಇಟಲಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದ ನಾರ್ಮನ್ ವಾಕರ್. 1936ರಲ್ಲಿ ಹಸಿ ತರಕಾರಿಗಳ ರಸವನ್ನು ಕುರಿತ ಪುಸ್ತಕವನ್ನು ಪ್ರಕಟಿಸಿದ ಈತನು, ನಾರನ್ನು ಜೀರ್ಣಿಸುವ ಹೊರೆಯಿಂದ ಹೊಟ್ಟೆಯನ್ನು ಬಿಡುಗಡೆ ಮಾಡಿದರೆ ಪೋಷಕಾಂಶಗಳು ನಿಮಿಷಗಳಲ್ಲಿ ದೇಹಗತವಾಗುವುವೆಂದು ಸಾರಿ, ತನ್ನ ಹೆಸರಿನಿಂದಲೇ ಕಟ್ಟಿದ ನಾರ್ವಾಕ್ ಎಂಬ ಯಂತ್ರವನ್ನು ರೂಪಿಸಿದನು. ಆ ಯಂತ್ರದ ಕೆಲಸದ ಬಗೆಯನ್ನು ನೋಡಿ: ಮೊದಲು ಕ್ಯಾರಟ್ಟು, ಸೊಪ್ಪು, ಬೀಟ್‌ರೂಟುಗಳನ್ನು ಅರೆದು ಮುದ್ದೆ ಮಾಡುವುದು, ಬಳಿಕ ಆ ಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿ, ದ್ರವದ ಒತ್ತಡದಿಂದ ನಡೆಯುವ ಯಂತ್ರದಡಿ ಇಟ್ಟು ಹಿಂಡುವುದು. ಶಾರ್ಙ್ಗಧರನು ಇದನ್ನು ಕಂಡಿದ್ದರೆ ಗುರುತು ಹಿಡಿಯುತ್ತಿದ್ದನು. ಅರ್ಧ ಪಲದ ಕಟ್ಟಳೆ ಎಲ್ಲಿ ಹೋಯಿತೆಂದು ಮಾತ್ರ ಕೇಳುತ್ತಿದ್ದನೇನೋ.

ಅದೇ ವೇಳೆಗೆ ಎದುರು ಪಕ್ಷವೂ ಸಿದ್ಧವಾಗುತ್ತಿತ್ತು. ಹಾರ್ಲಿಕ್ಸಿನ ಕಾರ್ಖಾನೆಯಿದ್ದ ವಿಸ್ಕಾನ್ಸಿನ್ ಪ್ರಾಂತದ ರಸೀನ್ ಪಟ್ಟಣದಲ್ಲಿ, ಪೋಲೆಂಡಿನಿಂದ ಬಂದಿದ್ದ ಸ್ಟೀಫನ್ ಪೊಪ್ಲಾವ್‌ಸ್ಕಿ ಎಂಬವನು 1922ರ ಸುಮಾರಿಗೆ, ಮಾಲ್ಟ್ ಹಾಲನ್ನು ಕದಡುವುದಕ್ಕೆಂದು ಪಾತ್ರೆಯ ತಳದಲ್ಲಿಯೇ ಅಲಗು ತಿರುಗುವ ಯಂತ್ರವನ್ನು ಮಾಡಿದನು. ಅದನ್ನು ಬೇರೆ ದಾರಿಯಲ್ಲಿ ಮುಂದುವರಿಸಿದ ಫ್ರೆಡ್ ಓಸಿಯಸ್ ಎಂಬವನಿಗೆ ಹಣ ಸುರಿದವನು ವಾದ್ಯಗೋಷ್ಠಿಯ ನಾಯಕನಾಗಿ ಹೆಸರಾಗಿದ್ದ ಫ್ರೆಡ್ ವೇರಿಂಗ್. 1937ರಲ್ಲಿ ಶಿಕಾಗೋ ನಗರದ ಪ್ರದರ್ಶನವೊಂದರಲ್ಲಿ ಅದು 29 ಡಾಲರ್ 75 ಸೆಂಟುಗಳ ಬೆಲೆಗೆ ಹೊರಬಿದ್ದು, ಮದ್ಯಗೃಹಗಳಲ್ಲಿ ಪಾನೀಯ ಬೆರೆಸುವುದಕ್ಕೆ ಮೊದಲು ಒದಗಿ, ಕ್ರಮೇಣ ಅಡುಗೆಮನೆಗೂ ಪ್ರಯೋಗಶಾಲೆಗೂ ಹೊಕ್ಕಿತು. ಪೋಲಿಯೊ ಲಸಿಕೆಯ ಸಂಶೋಧನೆಯಲ್ಲಿ ಜೋನಾಸ್ ಸಾಕ್ ಬಳಸಿದ ಉಪಕರಣಗಳಲ್ಲಿ ಇದೂ ಒಂದೆಂದರೆ, ಅರೆಯುವ ವಿದ್ಯೆ ಎಷ್ಟು ದೂರ ನಡೆಯಿತೆಂಬುದು ತಿಳಿದೀತು.

ನಮ್ಮಲ್ಲಿಗೆ ಬಂದ ಯಂತ್ರದ ಕಥೆ ಬೇರೆ. ಒರಳುಕಲ್ಲಿನ ಮುಂದೆ ಕುಳಿತು ದಿನವೂ ಚಟ್ನಿ, ಮಸಾಲೆ, ದೋಸೆಹಿಟ್ಟುಗಳನ್ನು ರುಬ್ಬುತ್ತಿದ್ದ ಮನೆಗಳಿಗೆ ಹಣ್ಣಿನ ರಸ ತೆಗೆಯುವ ಯಂತ್ರದ ಹಂಬಲ ಇರಲಿಲ್ಲ. ವಿದೇಶದ ಬ್ಲೆಂಡರುಗಳೋ ಮೃದು ಹಣ್ಣಿಗೆ ಒಗ್ಗುವವು, ಒಣಕೊಬ್ಬರಿಗೂ ಅರಿಸಿನಕೊಂಬಿಗೂ ಮಣಿಯುವವಲ್ಲ. ಸೀಮೆನ್ಸ್ ಸಂಸ್ಥೆಯಲ್ಲಿ ಇಂಜಿನಿಯರಾಗಿದ್ದ ಸತ್ಯಪ್ರಕಾಶ ಮಾಥುರರು, ತಮ್ಮ ಪತ್ನಿಯ ಜರ್ಮನ್ ಬ್ಲೆಂಡರು ಸುಟ್ಟುಹೋಗಿ, ಅದನ್ನು ದುರಸ್ತಿ ಮಾಡುವವರು ದೊರೆಯದಿದ್ದಾಗ, ಭಾರತದ ಮಸಾಲೆಗೆ ತಾಳುವ ಮೋಟಾರನ್ನು ತಾವೇ ರೂಪಿಸಲು ಹೊರಟು, 1960ರ ದಶಕದಲ್ಲಿ ಸುಮೀತ್ ಮಿಕ್ಸಿಯನ್ನು ಹೊರತಂದ ಸಂಗತಿ ಪ್ರಸಿದ್ಧ. ಹೀಗೆ ಕನ್ನಡ ಮನೆಗೆ ಮಿಕ್ಸಿಯು ಒರಳಿನ ಉತ್ತರಾಧಿಕಾರಿಯಾಗಿ ಬಂದಿತೇ ಹೊರತು ಹಣ್ಣಿನ ನೆಪದಲ್ಲಲ್ಲ. ಬೆಳಗ್ಗೆ ಚಟ್ನಿ ತಿರುವಿದ ಜಾರಿನಲ್ಲಿಯೇ ಮಧ್ಯಾಹ್ನ ಸಪೋಟವನ್ನು ಹಾಲಿನೊಡನೆ ತಿರುವಿ, ಬೆಳ್ಳುಳ್ಳಿಯ ಘಾಟು ಇನ್ನೂ ಹೋಗಿಲ್ಲವೆಂದು ಮಕ್ಕಳು ಮುಖ ಸಿಂಡರಿಸಿದ ಮನೆಗಳು ಎಷ್ಟೋ.

ರಸದ ಪಕ್ಷವನ್ನು ನಮ್ಮಲ್ಲಿ ಬೆಳೆಸಿದ್ದು, ಕ್ಯಾಲಿಫೋರ್ನಿಯಾದಲ್ಲಿಯಂತೆಯೇ, ಬೆಳೆಗಾರರ ಅಗತ್ಯ. ತೋಟಗಾರಿಕೆಯ ಇಲಾಖೆಯನ್ನು ನಡೆಸಿದ ಡಾ. ಎಂ. ಎಚ್. ಮರಿಗೌಡರ ಪ್ರೇರಣೆಯಿಂದ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಹುಟ್ಟಿ, ಮುಂದೆ ಹಾಪ್‌ಕಾಮ್ಸ್ ಎಂದು ಮನೆಮಾತಾಯಿತು. ಅದರ ಮಳಿಗೆಯ ದ್ರಾಕ್ಷಾರಸವನ್ನು ಲಾಲ್‌ಬಾಗಿಗೆ ಹೋದವರು ಕುಡಿಯದೆ ಹಿಂದಿರುಗುವುದು ಅಪರೂಪವಾಗಿದ್ದಿತು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯವು ಹಣ್ಣುಗಳ ರಸವನ್ನೂ ತಿರುಳನ್ನೂ ಕೆಡದಂತೆ ಇಡುವ ವಿಧಾನಗಳಲ್ಲಿ ಪರಿಶ್ರಮಿಸಿತು. 1955ರ ಹಣ್ಣಿನ ಪದಾರ್ಥಗಳ ಆಜ್ಞೆಯು ಸ್ಕ್ವಾಶ್ ಎನಿಸಿಕೊಳ್ಳಲು ನೂರಕ್ಕೆ 25 ಭಾಗವಾದರೂ ಹಣ್ಣಿನ ರಸವಿರಬೇಕೆಂದು ಗೊತ್ತುಮಾಡಿತು. ಉಳಿದ ಮುಕ್ಕಾಲು ಪಾಲು ಬಹುತೇಕ ಸಕ್ಕರೆ ಮತ್ತು ನೀರೆಂಬುದು ಶೀಸೆಯನ್ನು ತಲೆಕೆಳಗು ಮಾಡಿ ನೋಡಿದವರಿಗೆಲ್ಲ ಗೊತ್ತಿದ್ದ ಗುಟ್ಟು.

ಯಾವುದು ಮೇಲೆಂಬ ವಾದವನ್ನು ಕೊನೆಗೆ ಪ್ರಯೋಗಕ್ಕೆ ಒಡ್ಡಿದವರು ಇಂಗ್ಲೆಂಡಿನ ಬ್ರಿಸ್ಟಲ್ಲಿನ ಕೆನೆತ್ ಹೀಟನ್ ಮತ್ತು ಅವರ ಸಂಗಡಿಗರು. ಅವರ ಲೇಖನ 1977ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದಿತು. ಆರೋಗ್ಯವಂತರಾದ ಹತ್ತು ಮಂದಿಗೆ ಒಮ್ಮೆ ಇಡಿಯ ಸೇಬನ್ನೂ, ಒಮ್ಮೆ ಅರೆದ ಸೇಬನ್ನೂ, ಮತ್ತೊಮ್ಮೆ ನಾರಿಲ್ಲದ ಸೇಬಿನ ರಸವನ್ನೂ, ಮೂರರಲ್ಲಿಯೂ ಸಕ್ಕರೆ ಪಿಷ್ಟಗಳ ಅಂಶ 60 ಗ್ರಾಂ ಇರುವಂತೆ ನೋಡಿಕೊಂಡು ಕೊಟ್ಟರು. ರಸವನ್ನು ಮುಗಿಸುವುದು ಇಡಿಯ ಹಣ್ಣನ್ನು ಮುಗಿಸುವುದಕ್ಕಿಂತ ಹನ್ನೊಂದು ಪಟ್ಟು, ಅರೆದದ್ದಕ್ಕಿಂತ ನಾಲ್ಕು ಪಟ್ಟು ತ್ವರಿತವಾಯಿತು. ಹೊಟ್ಟೆ ತುಂಬಿದ ತೃಪ್ತಿಯು ಹಣ್ಣಿನಲ್ಲಿ ಹೆಚ್ಚು, ಅರೆದದ್ದರಲ್ಲಿ ಅದಕ್ಕಿಂತ ಕಡಿಮೆ, ರಸದಲ್ಲಿ ಎಲ್ಲಕ್ಕಿಂತ ಕಡಿಮೆ. ರಕ್ತದ ಸಕ್ಕರೆ ಮೂರರಲ್ಲಿಯೂ ಒಂದೇ ಎತ್ತರಕ್ಕೆ ಏರಿತಾದರೂ, ರಸ ಕುಡಿದವರಲ್ಲಿ ಅದು ಆಮೇಲೆ ದಿಢೀರನೆ ಕುಸಿಯಿತು. ಅರೆದದ್ದರಲ್ಲಿ ಕುಸಿತ ಕೊಂಚ ಮೆಲ್ಲಗೆ, ಇಡಿಯ ಹಣ್ಣಿನಲ್ಲಿ ಕುಸಿತವೇ ಇಲ್ಲ. ಇನ್ಸುಲಿನ್ ಮಾತ್ರ ರಸಕ್ಕೂ ಅರೆದದ್ದಕ್ಕೂ ಸೇಬಿಗಿಂತ ಹೆಚ್ಚಾಗಿ ಏರಿತು. ಬ್ಲೆಂಡರಿನ ಪಕ್ಷದವರು ಇದರಲ್ಲಿ ತಮಗೆ ಗೆಲುವೆಂದು ಬೀಗುವ ಮೊದಲು ಆ ಕಡೆಯ ಸಂಗತಿಯನ್ನು ಇನ್ನೊಮ್ಮೆ ಓದುವುದು ಒಳ್ಳೆಯದು: ನಾರನ್ನು ಬಿಸುಡದಿದ್ದರೂ ಅದನ್ನು ಪುಡಿಪುಡಿ ಮಾಡಿದ್ದರಿಂದಲೇ ಅರ್ಧ ಕಾರ್ಯ ಕೆಟ್ಟಿತೆಂದು ಅದರ ತಾತ್ಪರ್ಯ. ಗೆದ್ದದ್ದು ಚರಕನು ಕಬ್ಬಿಗೆ ಹೇಳಿದ ಹಲ್ಲು.

ನಮ್ಮ ಊರುಗಳ ಜ್ಯೂಸ್ ಅಂಗಡಿಯವನು ಈ ಪಕ್ಷಗಳಲ್ಲಿ ಯಾವುದಕ್ಕೂ ಸೇರಿದವನಲ್ಲ. ಅವನಲ್ಲಿರುವುದು ಒಂದೇ ಮಿಕ್ಸಿ, ಒಂದು ಜರಡಿ. ಸಪೋಟ, ಬಾಳೆ, ಮಾವುಗಳು ಹಾಲು ಸಕ್ಕರೆಗಳೊಡನೆ ತಿರುಗಿ ನೇರವಾಗಿ ಲೋಟಕ್ಕೆ ಇಳಿಯುತ್ತವೆ. ಮೋಸಂಬಿಯೂ ದಾಳಿಂಬೆಯೂ ತಿರುಗುವುದು ಅರೆಕ್ಷಣ, ಹೆಚ್ಚು ಹೊತ್ತು ಬಿಟ್ಟರೆ ಬೀಜ ನುರಿದು ರಸ ಕಹಿಯಾಗುತ್ತದೆಂಬುದು ಅವನಿಗೆ ಗೊತ್ತು. ಗುಂಡಿಯನ್ನು ಒತ್ತಿ, ಬಿಟ್ಟು, ಮತ್ತೆ ಒತ್ತಿ, ಜಾರನ್ನು ಜರಡಿಯ ಮೇಲೆ ಬೋರಲು ಹಾಕಿ, ಚಮಚದ ಬೆನ್ನಿನಿಂದ ತಿಕ್ಕಿ ರಸವಿಳಿಸಿ, ಹಿಪ್ಪೆಯನ್ನು ಕಾಲಬಳಿಯ ಬಕೆಟ್ಟಿಗೆ ಕೊಡವುವಷ್ಟರಲ್ಲಿ ಅವನು ಕಲ್ಕವನ್ನೂ ಸ್ವರಸವನ್ನೂ ಒಂದರ ಬೆನ್ನಿಗೊಂದು ಮಾಡಿ ಮುಗಿಸಿರುತ್ತಾನೆ. ಸಕ್ಕರೆ ಬೇಡ, ಐಸ್ ಬೇಡ ಎನ್ನುವ ಗಿರಾಕಿಗಳು ಈಗ ಅವನಲ್ಲಿ ಬೇಕಾದಷ್ಟು ಮಂದಿ ಬರುತ್ತಾರೆ. ಸೋಸಬೇಡ ಎಂದವನನ್ನು ನಾನು ಇನ್ನೂ ಕಂಡಿಲ್ಲ.